ಸಂಗಪ್ಪನ ಗೊಂಬೆಗೆ ಬಿದ್ದ ಹಾರ

ಹೋದ ಸೋಮವಾರ ನಾನು ಸತ್ತವನೊಬ್ಬನ ಜೊತೆ ಅಕ್ಕಲಕೋಟೆಯ ಎಸ್‌ಟಿ ಬಸ್ಸು ಹತ್ತಿದೆ. ಕಿಟಕಿ ಸೀಟು ಅವನೇ ಹಿಡಿದ. ವಳಸಂಗ ದಾಟುವವರೆಗೆ ಹುರಿದ ಶೇಂಗಾ ತಿಂದು, ಸಿಪ್ಪೆಯನ್ನೆಲ್ಲ ನನ್ನ ಧೋತರದ ಮೇಲೆ ಉದುರಿಸಿದ.

ತಾನು ಸತ್ತಿರುವ ಸಂಗತಿ ಆಗ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೆಸರು ಸಂಗಪ್ಪ. ಸೊಲ್ಲಾಪುರದಲ್ಲಿ ನನ್ನ ಚಾದರ ಅಂಗಡಿಗೆ ಹತ್ತಿಕೊಂಡೇ ಅವನ ಭಜಿ ಅಂಗಡಿ ಇದೆ. ಅವನ ಮಿರ್ಚಿ ಭಜಿಯ ವಿಷಯ ಈ ಅಂಕಣದಲ್ಲಿ ಹಿಂದೆಯೂ ಬಂದಿದೆ. (ಇನ್ನು ಸಾಕು ಎಂದು ಸಂಪಾದಕರು ಹೇಳಿ ಕಳಿಸಿದ್ದಾರೆ. ಇದೊಂದು ಸಲ ಕ್ಷಮಿಸಲಿ.) ಹುಟ್ಟೂರು ಅಕ್ಕಲಕೋಟೆ ಹತ್ತಿರದ ಚಪಳಗಾಂವ. ಅಲ್ಲಿ ಅಣ್ಣತಮ್ಮಂದಿರೆಲ್ಲ ಹೊಲ ನೋಡಿಕೊಂಡಿದ್ದಾರೆ, ಇವನೊಬ್ಬ ಬಾಣಲೆ ಹಿಡಿದು ಪೇಟೆ ಸೇರಿದ.

ಇಂಥ ಸಂಗಪ್ಪನಿಗೆ ಒಬ್ಬ ಭಾವಮೈದ ಇದ್ದಾನೆ. ಮಲ್ಲೇಶಿ. ಒಳ್ಳೆಯ ಹುಡುಗ. ಹೇಳಿದ್ದನ್ನು ಮಾಡುತ್ತಾನೆ, ಹೇಳದಿದ್ದರೆ ಅಕ್ಕನ ಮನೆಯ ಪಡಸಾಲೆಯಲ್ಲಿ ರೇಡಿಯೋ ಪಕ್ಕ ಮಲಗುತ್ತಾನೆ. ಅವನನ್ನು ಪಡಸಾಲೆಯಿಂದ ಎಬ್ಬಿಸುವುದಕ್ಕೆಂದೇ ಸಂಗಪ್ಪ ಅಕ್ಕಲಕೋಟೆ ಸ್ಟ್ಯಾಂಡಿನ ಹತ್ತಿರ ಒಂದು ಬ್ರಾಂಚ್ ತೆಗೆದ. ಬ್ರಾಂಚ್ ನಡೆದರೆ ಮಲ್ಲೇಶಿ ಅಲ್ಲಿ. ನಡೆಯದಿದ್ದರೆ ಮತ್ತೆ ರೇಡಿಯೋ ಪಕ್ಕ, ಬಹುಶಃ ಕಾಯಮ್ಮಾಗಿ. ಒಬ್ಬ ಸಂಸಾರಸ್ಥನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೇನಿರುತ್ತದೆ?

ಎಲ್ಲ ಸರಿ ಹೋಗುತ್ತಿತ್ತೇನೋ. ನಡುವೆ ಒಂದು ರದ್ದಿ ಹಾಳೆ ಬಂತು.

ಸಂಗಪ್ಪ ಭಜಿ ಕಟ್ಟುವುದು ರದ್ದಿ ಕಾಗದದಲ್ಲಿ. ಅವತ್ತು ನನ್ನ ಪಾಲಿಗೆ ಬಂದದ್ದು ಅಮೆರಿಕದ ಯಾವುದೋ ಹಳೇ ಮ್ಯಾಗಜೀನಿನ ಹಾಳೆ. ಎಣ್ಣೆ ಒರೆಸಿ ಓದಿದೆ. ಅಲ್ಲಿಯ ತಿಂಡಿ ಅಂಗಡಿಗಳು ಗಿರಾಕಿ ಕರೆಯಲು ಇಟ್ಟುಕೊಂಡಿರುವ ಗೊಂಬೆಗಳ ವಂಶಾವಳಿಯೇ ಅದರಲ್ಲಿತ್ತು! ಮೊದಲಿಗೆ ಚೌಕುಳಿ ಚಡ್ಡಿ ಹಾಕಿದ ಒಬ್ಬ ಗುಂಡು ಹುಡುಗ. ಆಮೇಲೆ ಒಬ್ಬ ಜೋಕರ್. ಅವನು ಟೀವಿಯಲ್ಲಿ ಮೊದಲು ಕಾಣಿಸಿಕೊಂಡಾಗ ಮೂಗಿನ ಜಾಗದಲ್ಲಿ ಕುಡಿಯುವ ಕಾಗದದ ಕಪ್, ತಲೆ ಮೇಲೆ ಟೋಪಿಯ ಬದಲು ತಿಂಡಿಯ ತಟ್ಟೆ ಇತ್ತಂತೆ. ಅವನನ್ನು ಕಂಡ ಮಕ್ಕಳು ಅಪ್ಪ ಅಮ್ಮನನ್ನು ಎಳೆದುಕೊಂಡು ಅಂಗಡಿಗೆ ಓಡುತ್ತವಂತೆ. (ನಮ್ಮ ಮಕ್ಕಳು ಜೋಕರ್ ಕಂಡರೆ ಅಳುತ್ತವೆ.) ಕೊನೆಗೆ ಬಿಳಿ ಕೋಟು, ಬಿಳಿ ಗಡ್ಡದ ಒಬ್ಬ ಮುದುಕ.

“ಇವ ಯಾರ್ರಿ? ಮಾರಿ ನೋಡಿದ್ರ ಸ್ವಾಮಿಗೋಳು ಕಂಡಂಗ ಕಾಣ್ತಾರ. ಕೈಯಾಗ ಕೋಳಿ ಕಾಲು ಹಿಡದಾರ!” ಎಂದ ಸಂಗಪ್ಪ.

“ಅಂವ ಅಂಗಡಿ ಸುರು ಮಾಡಿದ ಮಾಲಕ. ತನ್ನ ಗೊಂಬಿ ತಾನ ಮಾಡಿಸ್ಯಾನ.”

“ಅದನ್ನ ನೋಡಿ ಮಂದಿ ಒಳಗ ಬರ್ತಾರ?”

“ಮುಗಿಬಿದ್ದು ಬರ್ತಾರಂತ.”

“ಹಂಗಾರ ನನ್ನ ಮಾರಿಗೆ ಏನಾಗ್ಯದ?”

(ಉತ್ತರ ನನ್ನ ಬಳಿ ಇತ್ತು. ಆದರೆ ಬಾಯಲ್ಲಿ ಮಿರ್ಚಿಯೂ ಇತ್ತು.)

ನಮ್ಮಲ್ಲೂ ಜಾಹೀರಾತಿನ ಗೊಂಬೆಗಳಿಲ್ಲವೆಂದಲ್ಲ. ವಿಮಾನ ಹತ್ತಲು ಬಾಗಿ ಕರೆಯುವ ಮೀಸೆ ಮಹಾರಾಜ ಇದ್ದಾನೆ, ಬೆಣ್ಣೆ ಮಾರುವ ಚುಕ್ಕಿ ಫ್ರಾಕಿನ ಹುಡುಗಿ ಇದ್ದಾಳೆ. ಅವೆಲ್ಲ ಮುಂಬೈ ಮಂದಿ ಚಿತ್ರ ಬರೆದು ಮಾಡಿದವು. ಸಂಗಪ್ಪನಿಗೆ ಚಿತ್ರ ಬೇಡ, ಆಳೆತ್ತರದ ಮೂರ್ತಿಯೇ ಬೇಕು. ಸೀದಾ ಒಬ್ಬ ಮೂರ್ತಿಕಾರನ ಹತ್ತಿರ ಹೋದ.

ಈ ಮೂರ್ತಿಕಾರ ಜನ್ಮದಲ್ಲಿ ಎರಡೇ ಬಗೆಯ ಗೊಂಬೆ ಮಾಡಿದವನು. ಒಂದು ದೇವರು, ಇನ್ನೊಂದು ತೀರಿಹೋದ ಪುಢಾರಿ. ಸಂಗಪ್ಪ ದೇವರಂತೂ ಅಲ್ಲ. ಹಾಗಾಗಿ ಎರಡನೆಯ ಬಗೆಯಲ್ಲಿ ಮಾಡಿಕೊಟ್ಟ. ತಲೆ ಮೇಲೆ ಟೋಪಿ, ದೂರದಲ್ಲಿ ದೇಶದ ಭವಿಷ್ಯ ಕಾಣುತ್ತಿರುವಂಥ ಕಣ್ಣು, ಎತ್ತಿದ ಕೈಯಲ್ಲಿ ಒಂದು ಮಿರ್ಚಿ ಭಜಿ. ದೂರದಿಂದ ನೋಡಿದರೆ ಭಜಿ ಕಾಣುವುದಿಲ್ಲ, ಸುರುಳಿ ಸುತ್ತಿದ ಮಾನಪತ್ರ ಹಿಡಿದಂತೆ ಕಾಣುತ್ತದೆ. ಗೊಂಬೆ ಅಕ್ಕಲಕೋಟೆ ಬ್ರಾಂಚಿನ ಬಾಗಿಲಲ್ಲಿ ನಿಂತಿತು. ಸಂಗಪ್ಪ ಸೊಲ್ಲಾಪುರಕ್ಕೆ ಬಂದು ಬಾಣಲೆ ಮುಂದೆ ಕುಳಿತ, ಕರೆಯುವ ಕೆಲಸ ಗೊಂಬೆಗೆ ಬಿಟ್ಟ.

ದಿನ ಕಳೆದವು. ಬ್ರಾಂಚಿನಲ್ಲಿ ಹಿಟ್ಟು ಖರ್ಚಾಗುತ್ತಿಲ್ಲ, ಎಣ್ಣೆಯ ಡಬ್ಬ ಇಳಿಯುತ್ತಿಲ್ಲ ಎಂದು ಮಲ್ಲೇಶಿ ಹೇಳಿ ಕಳಿಸಿದ. “ಮಂದಿ ಬರ್ತಾರ, ಕುಂಡ್ರತಾರ, ತಿನ್ನಂಗಿಲ್ಲ” ಎಂದನಂತೆ. ತಿನ್ನದೆ ಹೋಗುವ ಗಿರಾಕಿಯನ್ನು ಎಲ್ಲಾದರೂ ಕಂಡಿದ್ದೀರಾ? ಅದನ್ನು ಕಣ್ಣಾರೆ ನೋಡಲೆಂದೇ ನಾವು ಸೋಮವಾರ ಬಸ್ಸು ಹತ್ತಿದ್ದು.

ಸ್ಟ್ಯಾಂಡಿನಲ್ಲಿ ಇಳಿದು, ಸಂಗಪ್ಪ ಪಾನ್ ಅಂಗಡಿಯ ಕಡೆ ತಿರುಗಿದ. ನಾನು ಮುಂದೆ ನಡೆದೆ. ದೂರದಿಂದಲೇ ಗೊಂಬೆ ಕಂಡಿತು. ಕಂಡದ್ದೇ ತಡ, ಅಲ್ಲೇ ನಿಂತುಬಿಟ್ಟೆ.

ಗೊಂಬೆಯ ಕೊರಳಲ್ಲಿ ಮೊಣಕಾಲು ಮುಟ್ಟುವಷ್ಟು ಉದ್ದದ ಚೆಂಡುಹೂವಿನ ಹಾರ. ಹಣೆಗೆ ಕುಂಕುಮ. ಪಾದದ ಹತ್ತಿರ ಹೊಗೆಯಾಡುವ ಊದುಬತ್ತಿ.

ಮಲ್ಲೇಶಿಯ ತಪ್ಪೇನೂ ಇಲ್ಲ ಬಿಡಿ. ಅಂಗಡಿಯವರಾದ ನಾವೆಲ್ಲ ಬೆಳಿಗ್ಗೆ ಏನು ಮಾಡುತ್ತೇವೆ? ಕದ ತೆಗೆದು, ದೇವರ ಫೋಟೋಕ್ಕೆ ಊದುಬತ್ತಿ ಬೆಳಗಿ, ಅದೇ ಕೈಯಲ್ಲಿ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಬೀಗಕ್ಕೆ, ಒಲೆಗೆ ಎಲ್ಲದಕ್ಕೂ ಬೆಳಗುತ್ತೇವೆ. ಮಲ್ಲೇಶಿ ಗೊಂಬೆಗೂ ಬೆಳಗಿದ. ದೇವರಿಗೆ ತಂದ ಹೂವಿನಲ್ಲಿ ಮಾಮಾನ ಗೊಂಬೆಗೂ ಒಂದು ಹಾರ ಹಾಕಿದ. ಭಕ್ತಿ ಜಾಸ್ತಿಯಾಯಿತು, ಅಷ್ಟೇ.

ಆದರೆ ನಮ್ಮ ಕಡೆ ಮನುಷ್ಯನ ಮೂರ್ತಿ ಯಾವಾಗ ನಿಲ್ಲುತ್ತದೆ? ಅದರ ಕೊರಳಿಗೆ ಹಾರ ಯಾವಾಗ ಬೀಳುತ್ತದೆ? ಸೊಲ್ಲಾಪುರದಲ್ಲಿರುವ ಸಂಗಪ್ಪನನ್ನು ಇಲ್ಲಿಯವರು ಕಂಡು ತಿಂಗಳುಗಳೇ ಆಗಿದ್ದವು. ಬಸ್ಸಿಳಿದ ಚಪಳಗಾಂವದವರು ನೋಡಿದರು, ನಿಂತರು, ಕೈ ಮುಗಿದರು. ಒಳಗೆ ಹೋಗಿ ಬೆಂಚಿನ ಮೇಲೆ ಸುಮ್ಮನೆ ಕುಳಿತರು. ಸಾವಿನ ಮನೆಯಲ್ಲಿ ಯಾರಾದರೂ ಭಜಿ ತಿನ್ನುತ್ತಾರೆಯೇ? ಮಲ್ಲೇಶಿಯ ಕೈ ಹಿಡಿದು “ಧೈರ್ಯ ಬಿಡಬ್ಯಾಡಪಾ” ಎಂದರು. ವ್ಯಾಪಾರ ಮಂದಗತಿಯಲ್ಲಿರುವುದಕ್ಕೆ ಹಾಗೆ ಹೇಳುತ್ತಾರೆಂದು ಅವನು ತಲೆಯಾಡಿಸಿದ. ಅವನ ಮುಖ ನೋಡಿ ಅವರಿಗೆ ಸಾವಿನ ಸುದ್ದಿ ಇನ್ನೂ ಖಾತ್ರಿಯಾಯಿತು. ಎದ್ದರು. ದುಃಖದ ಮನೆಯಿಂದ ಏಳುವಾಗ ‘ಮತ್ತ ಬರ್ತೀವಿ’ ಅನ್ನಬಾರದಲ್ಲ, ಅನ್ನಲಿಲ್ಲ. ಬರಲೂ ಇಲ್ಲ. ಸುದ್ದಿ ಮಾತ್ರ ಅವರ ಜೊತೆ ಊರು ಮುಟ್ಟಿತು.

ನಾನು ಒಳಗೆ ಕಾಲಿಟ್ಟಾಗ ಬೆಂಚುಗಳು ತುಂಬಿದ್ದವು. ಎಲ್ಲರೂ ನೆಲ ನೋಡುತ್ತಿದ್ದರು. ಮಧ್ಯದಲ್ಲಿ ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಸಂಗಪ್ಪನ ಸೋದರತ್ತೆ ನಾಗವ್ವ. ಪಕ್ಕದಲ್ಲಿ ದೊಡ್ಡ ಬುತ್ತಿ ಗಂಟು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು, ಊರಿನಿಂದ ಜುಣಕ-ರೊಟ್ಟಿ ಮಾಡಿಕೊಂಡು ಬಂದಿದ್ದಳು. ಭಜಿ ಅಂಗಡಿಗೆ!

ಅಮೆರಿಕದಲ್ಲಿ ಗೊಂಬೆ ನೋಡಿದವರು ತಿನ್ನಲು ಓಡುತ್ತಾರೆ. ಇಲ್ಲಿ ಗೊಂಬೆ ನೋಡಿದವರು ಮಾಲಕನಿಗೇ ಉಣ್ಣಲು ತರುತ್ತಾರೆ.

ಒಬ್ಬ ಹಿರಿಯರು ನನಗೆ ಜಾಗ ಬಿಟ್ಟು, ಪಿಸುಮಾತಿನಲ್ಲಿ “ಫಾರ್ ಚಾಂಗಲಾ ಮಾಣೂಸ್ ಹೋತಾ. ಭಾಳ ಚಲೋ ಮನಿಷಾ. ನಿಮ್ಮ ಕಡೆ ಸುದ್ದಿ ಯಾವಾಗ ಬಂತ್ರಿ?” ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಸತ್ತವನು ಎಲೆ ಅಡಿಕೆ ಜಗಿಯುತ್ತ ಒಳಗೆ ಬಂದ. ತುಂಬಿದ ಬೆಂಚು ನೋಡಿ ಅವನ ಮುಖ ಅರಳಿತು.

“ಏನ್ ಮಲ್ಲ್ಯಾ, ಇಷ್ಟು ಗಿರಾಕಿ ಕುಂತದ, ಒಲಿ ಯಾಕ ಆರಿಸಿದಿ?”

ಇಬ್ಬರು ಹಿಂಬಾಗಿಲಿನಿಂದ ಓಡಿದರು. ನಾಗವ್ವ ಮಾತ್ರ ಓಡಲಿಲ್ಲ. ಎದ್ದು ಬಂದು ಅವನ ಕೆನ್ನೆ ಮುಟ್ಟಿದಳು, ಕಿವಿ ಹಿಂಡಿದಳು. ಬಿಸಿಯಾಗಿತ್ತು. ಆಮೇಲೆ ಬೆನ್ನಿಗೆ ಒಂದು ಗುದ್ದಿದಳು.

“ಸತ್ತಿಲ್ಲಂದ್ರ ಹಾರ ಯಾಕ ಹಾಕ್ಕೊಂಡು ನಿಂತೀಯೋ ಭಾಡ್ಯಾ! ಮುಂಜಾನಿಂದ ನನ್ನ ಕಣ್ಣಾಗ ನೀರು ನಿಂತಿಲ್ಲ.”

ಬೈಯುತ್ತಲೇ ಮತ್ತೆ ಅತ್ತಳು. ನಾನೂ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಹಾರ ತೆಗೆದರು. ಗೊಂಬೆ ಒಡೆಯಲು ಯಾರೂ ಮುಂದೆ ಬರಲಿಲ್ಲ. “ಮಾಮಾ, ನಿಮ್ಮ ತಲಿಗೆ ನಾ ಹೆಂಗ ಹೊಡೀಲಿ?” ಎಂದ ಮಲ್ಲೇಶಿ. ಗೋಣಿಚೀಲ ಹೊದಿಸಿ ಹಿಟ್ಟಿನ ಕೋಣೆಯಲ್ಲಿಟ್ಟರು. ನಾಗವ್ವನ ಗಂಟು ಬಿಚ್ಚಿತು, ಸಂಗಪ್ಪನೇ ಒಲೆ ಹಚ್ಚಿ ಬಿಸಿ ಬಿಸಿ ಮಿರ್ಚಿ ಕರಿದ. ಜುಣಕ-ರೊಟ್ಟಿಯ ಜೊತೆ ಭಜಿ ಹೇಗಿರುತ್ತದೆ ಎಂದು ಬರೆದರೆ ಸಂಪಾದಕರು ಸಿಟ್ಟಾಗುತ್ತಾರೆ. ಓಡಿಹೋದ ಇಬ್ಬರೂ ವಾಸನೆಗೆ ವಾಪಸು ಬಂದರು.

ತಿಂದಾದ ಮೇಲೆ ಸಂಗಪ್ಪ ಮುನಿಸಿಕೊಂಡ. “ಅತ್ತಿ, ಅಂಗಡಿ ತಗದು ಇಷ್ಟು ದಿನ ಆತು, ಚಪಳಗಾಂವದಿಂದ ಭಜಿ ತಿನ್ನಾಕ ಒಂದು ನರಪಿಳ್ಳೆ ಬರಲಿಲ್ಲ. ಇವತ್ತ ಅಳಾಕ ಊರಿಗೆ ಊರ ಬಂದೀರಲ್ಲ?”

ನಾಗವ್ವ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು.

“ಸಾವಿಗೆ ಯಾರೂ ಕರೀಬೇಕಾಗಿಲ್ಲೋ, ಸುದ್ದಿ ಕೇಳಿದ ಕೂಡ್ಲೇ ಬರ್ತೀವಿ. ಚಲೋ ಕೆಲಸಕ್ಕ ಮನಿಗೆ ಬಂದು ಕರೀಬೇಕು. ನೀ ಒಮ್ಮಿ ಬಂದು ಕರದಿ ಏನು? ಬಾಯಿಲ್ಲದ ಗೊಂಬಿ ನಿಲ್ಲಿಸಿದಿ.”

ಅಂಗಡಿ ನೆಟ್ಟಗಾಗಲೆಂದು ಸಂಗಪ್ಪ ಆ ರದ್ದಿ ಹಾಳೆ ಹಿಡಿದು ಅಮೆರಿಕದವರೆಗೆ ಹೋಗಿ ಬಂದಿದ್ದ. ಪಕ್ಕದ ಊರಿನ ಹೊಸ್ತಿಲಿಗೆ ಹೋಗಿರಲಿಲ್ಲ.

ಮರುದಿನ ಅವನು ಕುಂಕುಮದ ಬಟ್ಟಲು ಹಿಡಿದು, ಒಗೆದ ಟೋಪಿ ಹಾಕಿ, ಮದುವೆಗೆ ಕರೆಯುವಂತೆ ಚಪಳಗಾಂವದ ಮನೆ ಮನೆ ಹತ್ತಿದ. ಹಿಂದೆ ಅಕ್ಷತೆ ಹಿಡಿದು ಮಲ್ಲೇಶಿ. (ರೇಡಿಯೋ ಪಕ್ಕದ ಜಾಗ ಈಗ ಖಾಲಿಯಿದೆ, ದೇವರ ದಯೆ.) “ಯಾರ ಲಗ್ನಾರೀ?” ಎಂದು ಹೆಂಗಸರು ಕೇಳಿದರೆ ಅವನದು ಒಂದೇ ಉತ್ತರ.

“ಲಗ್ನ ಏನೂ ಇಲ್ಲರೆವ್ವಾ. ನಾ ಜೀವಂತ ಅದೀನಿ. ಭಜಿ ತಿನ್ನಾಕ ಬರ್ರಿ.”

ಓದುಗರೇ, ನಿಮ್ಮವರಲ್ಲಿ ಯಾರ ಬಾಗಿಲಿಗೆ ಹೋಗಲು ನೀವು ಹಾರ ಬೀಳುವುದನ್ನು ಕಾಯುತ್ತಿದ್ದೀರಿ?