ಮೆಣಸಿನಕಾಯಿಗೆ ಹೊಡೆದ ನೀರು

ಗುಡಗೇರಿ ಸಂತೆಗೆ ಒಯ್ಯುವ ಒಣಮೆಣಸಿನಕಾಯಿಗೆ ನೀರು ಚಿಮುಕಿಸುತ್ತಿದ್ದೆ. ತೂಕ ಬರಲೆಂದು ಪ್ರತಿ ವರ್ಷ ಮಾಡುವ ಕೆಲಸವೇ. ಎಂಟು ವರ್ಷದ ಮೊಮ್ಮಗಳು ರೂತ್ ಬಂದು ಕೈ ಹಿಡಿದಳು.

“ನೀರ ಯಾಕ ಹೊಡೀತಿ ಅಜ್ಜಿ?”

“ಕಾಯಿ ಮುರೀಬಾರದಂತ, ನಮ್ಮವ್ವಾ.”

“ಹಂಗಾರ ನಮ್ಮನಿಗೆ ಇಟ್ಟ ಕಾಯಿಗೆ ಯಾಕ ಹೊಡದಿಲ್ಲಬೇ?”

ರವಿವಾರ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುವವಳು ನಾನೇ! ತಂಬಿಗೆಯ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ಇಬ್ಬರೂ ಕಾಯಿಯನ್ನು ಮತ್ತೆ ಬಿಸಿಲಿಗೆ ಹರವಿದೆವು. ಆ ವಾರದ ಸಂತೆ ತಪ್ಪಿತು. ತಪ್ಪಲಿ. ಮುಂದಿನ ವಾರ ಒಣ ಕಾಯಿಯನ್ನೇ ತೂಗಿಸಿದೆ.

ನನ್ನ ಬಲಹೀನತೆ ನನಗೆ ಗೊತ್ತು, ಕೈ ಮತ್ತೆ ತಂಬಿಗೆಗೆ ಹೋದೀತು. ಆದರೆ ಇನ್ನು ದೇವರು ಮೆಚ್ಚುವಂತೆಯೇ ಬದುಕುವುದು. ಅದಕ್ಕೇ ಚೀಲ ತುಂಬುವಾಗ ರೂತ್‌ಳನ್ನು ಬಾಜೂಕ್ಕೆ ಕೂಡಿಸಿಕೊಳ್ಳುತ್ತೇನೆ. ದೇವರು ಎಂಥ ಮೊಮ್ಮಗಳನ್ನು ಕೊಟ್ಟಿದ್ದಾನೆಂದು ಓಣಿಗೆಲ್ಲ ಹೇಳಿಯಾಯಿತು, ನಿಮಗೂ ಹೇಳದಿದ್ದರೆ ಮನಸ್ಸು ತಡೆಯದು.