ದೇವರ ಗೂಡಿನಲ್ಲಿ ಕರಗಿದ ಮೇಣದ ಬಿಲ್ಲೆ

ನಂಜುಂಡಪ್ಪ ಸ್ವಾಮಿಯ ಒಕ್ಕಲಿನವರೇ, ಇದನ್ನು ಬರೆಯಲು ನನಗೆ ನಾಚಿಕೆ. ತಪ್ಪಾದದ್ದು ನನ್ನ ಕೈಯಿಂದಲೇ. ಆದರೂ ಹೇಳದೆ ಮುಚ್ಚಿಟ್ಟರೆ ಉಂಡ ಮನೆಗೆ ಎರಡು ಬಗೆದಂತಾಗುತ್ತದೆ.

ನಾನು ಹುಲ್ಲಹಳ್ಳಿ ಕಡೆಯ ಅಂಗನವಾಡಿ ಕಾರ್ಯಕರ್ತೆ. ಗಂಡ ಮಹದೇವ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹೋದ ದೀಪಾವಳಿಗೆ ಟಿ. ನರಸೀಪುರದ ನನ್ನ ತವರಿನಲ್ಲಿ ಎಲೆ ಮುಂದೆ ಕೂತವರು ಪಕ್ಕೆ ಹಿಡಿದುಕೊಂಡು ಎದ್ದುಬಿಟ್ಟರು. ಅಲ್ಲೇ ಸ್ಕ್ಯಾನ್ ಮಾಡಿಸಿದೆವು. ಲಿವರ್‌ನಲ್ಲಿ ಒಂದು ಗಡ್ಡೆ, ಎಡ ಕಿಡ್ನಿಯಲ್ಲಿ ಇನ್ನೊಂದು.

ಮೈಸೂರಿನಲ್ಲಿ ಸೂಜಿ ಹಾಕಿ ಲಿವರ್‌ನ ಗಡ್ಡೆಯಿಂದ ಚೂರು ತೆಗೆದರು. ರಕ್ತ ನಿಲ್ಲದೆ ಎರಡು ದಿನ ಐಸಿಯುನಲ್ಲಿದ್ದರು. "ಇನ್ನೊಂದ್ಸಲ ಸೂಜಿ ಹಾಕೋಕಾಗಲ್ಲಮ್ಮ," ಎಂದರು ಡಾಕ್ಟರು. "ಇದು ಲಿವರ್‌ನಲ್ಲೇ ಹುಟ್ಟಿದ್ದಾ, ಕಿಡ್ನಿಯಿಂದ ಬಂದಿದ್ದಾ ಗೊತ್ತಾಗ್ಬೇಕು. ಕಿಡ್ನಿದಾದ್ರೆ ಮಾತ್ರೆ ಇದೆ. ಲಿವರ್‌ದೇ ಆದ್ರೆ ಇವರ ಸ್ಥಿತೀಲಿ ನಮ್ಮ ಕೈಲಾಗೋದು ಕಮ್ಮಿ."

ಚೂರನ್ನು ಮೇಣದಲ್ಲಿ ಕೂರಿಸಿ, ಒಂದು ಮುಖದಿಂದ ತೆಳ್ಳಗೆ ಸೀಳಿ ಬಣ್ಣ ಹಾಕುತ್ತಾರಂತೆ. ಲಿವರ್‌ನ ಜೀವಕೋಶಕ್ಕೆ ಹತ್ತುವ ಮಾರ್ಕರ್ ಬೇರೆ, ಕಿಡ್ನಿಯದಕ್ಕೆ ಬೇರೆ. ಹತ್ತಿದರೆ ಕಂದು ಬಣ್ಣ. ಹನ್ನೆರಡು ದಿನ ಕಾದೆವು. ಯಾವುದೂ ಹತ್ತಲಿಲ್ಲ, ಸಿಕ್ಕಿದ್ದು ಬರೀ ಸತ್ತ ಭಾಗವಂತೆ. "ಉಳಿದಿರೋದು ಇಷ್ಟೇ, ಬೇರೆ ಲ್ಯಾಬಲ್ಲಿ ನೋಡ್ಸಿ," ಎಂದು ಶನಿವಾರ ಒಂದು ಬಿಳಿ ಮೇಣದ ಬಿಲ್ಲೆಯನ್ನು ನನ್ನ ಕೈಗಿಟ್ಟರು. ಅದರೊಳಗೆ ದಾರದ ತುಂಡಿನಷ್ಟು ನನ್ನ ಗಂಡನ ಲಿವರ್.

ಸೋಮವಾರದವರೆಗೆ ಅದನ್ನು ಎಲ್ಲಿಡುವುದು? ಬಿತ್ತನೆ ಬೀಜವಿರಲಿ, ಮದುವೆ ಕಾರ್ಡಿರಲಿ, ನಮ್ಮಲ್ಲಿ ಮೊದಲು ದೇವರ ಗೂಡಿಗೇ ಇಡುವುದು. ಅಲ್ಲೇ ಇಟ್ಟೆ. ವಿಭೂತಿ ಹಚ್ಚಿ, ಹೂವಿಟ್ಟು, ದೊಡ್ಡ ದೀಪ ಹಚ್ಚಿದೆ. "ನಂಜು ಕುಡ್ದೋನು ನೀನು, ನಿಂಗಿದು ಯಾವ ಲೆಕ್ಕ? ಏನೂ ಇಲ್ಲ ಅಂತ ಮಾಡಪ್ಪ," ಎಂದು ಬೇಡಿ ಗಂಜಿ ಕಾಸಲು ಹೋದೆ. ತಿರುಗಿ ಬಂದರೆ ಬಿಲ್ಲೆ ದೀಪದ ಬುಡದಲ್ಲಿ ಕರಗಿ ತಟ್ಟೆ ತುಂಬ ಮೇಣ.

ಅಯ್ಯೋ, ಎಂಥ ಪಾಪಿ ನಾನು! ತಲೆ ತಲೆ ಚಚ್ಚಿಕೊಂಡೆ. ದೇವರನ್ನೂ ಬಿಡಲಿಲ್ಲ. "ಕಣ್ ಬಿಟ್ಕೊಂಡು ನೋಡ್ತಾ ಕೂತಿದ್ಯಲ್ಲ, ನಿನ್ ಮನೆ ಹಾಳಾಗ!" ಎಂದೆ. ಗಂಡನಿಗೆ ಹೇಳುವ ಧೈರ್ಯವಾಗಲಿಲ್ಲ. ಮೇಣ ಆರಿದ ಮೇಲೆ ತಟ್ಟೆಯ ಸಮೇತ ಬಟ್ಟೆಯಲ್ಲಿ ಕಟ್ಟಿದೆ.

ಸೋಮವಾರ ಮೊದಲ ಬಸ್ಸಿಗೇ ಹೊರಟೆ. ಲ್ಯಾಬಿನ ಟೆಕ್ನಿಷಿಯನ್ ಹೆಂಗಸು ಗಂಟು ಬಿಚ್ಚಿ, "ಇದೇನಮ್ಮ, ಇದಕ್ಕೂ ವಿಭೂತಿನಾ?" ಎಂದರು. ಅಳುತ್ತ ಎಲ್ಲ ಹೇಳಿದೆ. "ಚೂರು ಸುಟ್ಟಿಲ್ಲ, ಬಿಡಿ. ಮೇಣ ನಾವೂ ಕರಗಿಸ್ತೀವಿ ಕಣ್ರೀ. ಹೊಸ ಮೇಣದಲ್ಲಿ ಕೂರಿಸ್ತೀನಿ. ಇನ್ಮೇಲೆ ದೇವ್ರಿಗೆ ಬಾಳೆಹಣ್ಣಿಡಿ, ಇದ್ನೆಲ್ಲ ಇಡ್ಬೇಡಿ."

ನಾಲ್ಕನೇ ದಿನ ಡಾಕ್ಟರು ಕರೆದರು. ಹೊಸದಾಗಿ ಕೂರಿಸುವಾಗ ಚೂರು ಮಗುಚಿತ್ತಂತೆ. ಅಡಿಯಲ್ಲಿ ಹೂತಿದ್ದ ಮಗ್ಗುಲು ಮೇಲೆ ಬಂದು, ಅದರಲ್ಲಿ ಜೀವವಿದ್ದ ಭಾಗ ಸಿಕ್ಕಿತಂತೆ. ಲಿವರ್‌ನ ಮಾರ್ಕರ್ ಹತ್ತಿರಲಿಲ್ಲ. ಕಿಡ್ನಿಯದು ಕಡು ಕಂದಾಗಿ ಹತ್ತಿತ್ತು. "ಮೇಣ ಕರಗ್ದೇ ಇದ್ದಿದ್ರೆ ಹಳೇ ಮುಖಾನೇ ಸೀಳ್ತಿದ್ರು, ಸಿಗ್ತಿರ್ಲಿಲ್ಲವೇನೋ," ಎಂದರು.

ಏನೂ ಇಲ್ಲವೆಂದು ಮಾಡು ಎಂದಿದ್ದೆ. ಅದನ್ನು ಅವನು ಮಾಡಲಿಲ್ಲ. ಮಾತ್ರೆ ನಡೆಯುತ್ತಿದೆ. ಅದರ ಕಾವಿಗೆ ಅಂಗಾಲು ಸುಲಿದು ಗಂಡ ಚಪ್ಪಲಿ ಮೆಟ್ಟಲಾರರು. ಗಡ್ಡೆ ಹೋಗಿಲ್ಲ, ಬೆಳೆದೂ ಇಲ್ಲ. ಎಷ್ಟು ದಿನ ಎಂದು ಡಾಕ್ಟರು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ಮೊನ್ನೆ ಸೋಮವಾರ ಕಪಿಲೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಮೇಣದ ವಿಷಯ ಗಂಡನಿಗೆ ಹೇಳಿಬಿಟ್ಟೆ. ಅವರು ನೀರನ್ನೇ ನೋಡುತ್ತಿದ್ದರು.

"ನಾನು ಅವತ್ತೇ ನೋಡ್ದೆ ಕಣಮ್ಮಿ. ಮೇಣ್ದ ವಾಸ್ನೆ ಬತ್ತು, ಎದ್ ಬಂದೆ. ನೀನು ತಲೆ ಚಚ್ಕತಿದ್ದೆ. ವಾಪಸ್ ಓಗಿ ಮಲೀಕಂಡೆ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ನಂಜುಂಡಪ್ಪನ್ನೇ ಕೇಳ್ದೆ. ನಾನು ಉಳೀದೇ ಇದ್ರೂ ಸರಿ ಕಣಪ್ಪ, ನನ್ ಕೈಯಿಂದ ಕೆಟ್ಟೋಯ್ತು ಅನ್ನೋ ಕೊರಗು ಇವ್ಳಿಗೆ ಇಡ್ಬೇಡ ಅಂತ."

ಸ್ವಾಮಿ ನನ್ನ ಮಾತು ನಡೆಸಲಿಲ್ಲ. ಈಡೇರಿದ್ದು ಅವರ ಬೇಡಿಕೆ.