ಧರ್ಮಾರ್ಥ ರೊಟ್ಟಿ

ಜಿಪುಣನಿಗೂ ದಾನಿ ಅನಿಸಿಕೊಳ್ಳುವ ಚಟ ಇರುತ್ತದೆ. ಜತ್ತ ತಾಲೂಕಿನ ನಮ್ಮ ಶೇಗಾಂವದ ಕಿರಾಣಿ ಸಾಹುಕಾರರಿಗೆ ಆ ಚಟ ಹತ್ತಿದ್ದು ನನ್ನಿಂದ. ಪುಣೆಯಲ್ಲಿ ಡಾಕ್ಟರಿಕೆ ಓದಲು ನನಗೆ ಸೀಟು ಸಿಕ್ಕಿತ್ತು. ಫೀ ಮಾಫಾಗಿತ್ತು, ಹೊಟ್ಟೆ ಮಾಫಾಗಿರಲಿಲ್ಲ. ಅಪ್ಪ ತೀರಿಕೊಂಡಿದ್ದ, ಖಾನಾವಳಿಗೆ ಕೊಡುವಷ್ಟು ಅವ್ವನ ಹತ್ತಿರ ಎಲ್ಲಿತ್ತು?

ಆಗ ಸಾಹುಕಾರರು ಅಂಗಡಿಯ ಕಟ್ಟೆಯ ಮೇಲೆ ಊರ ಮಂದಿಯನ್ನು ಕೂಡಿಸಿ, ಗುಡ್ಡಾಪುರದ ಗುಡಿಯ ದಿಕ್ಕಿಗೆ ಕೈ ಮುಗಿದು ಸಾರಿದರು: "ದಾನಮ್ಮನ ಆಣಿ ಮಾಡಿ ಹೇಳ್ತೀನ್ರಿ, ಇಂವ ಡಾಕ್ಟರ್ ಆಗೂತನಕಾ ಇವನ ಹೊಟ್ಟಿ ನಂದು!"

ಅಂದಿನಿಂದ ವಾರವಾರವೂ ಬಸ್ಸಿನ ತಲೆಯ ಮೇಲೆ ನನಗೊಂದು ತಗಡಿನ ಡಬ್ಬಿ ಬರತೊಡಗಿತು. ಒಳಗೆ ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. ಮೇಲೆ ಕೆಂಪು ಬಣ್ಣದಲ್ಲಿ ಅವರ ಅಂಗಡಿಯ ಹೆಸರು, ಅದರ ಕೆಳಗೆ ಇನ್ನೂ ದಪ್ಪಾಗಿ ಮರಾಠಿಯಲ್ಲಿ 'ಧರ್ಮಾರ್ಥ'. ಪುಕ್ಕಟೆ ದವಾಖಾನೆಯ ಬಾಗಿಲಿಗೆ ಬರೆಯುವ ಮಾತು ಅದು. ರೊಟ್ಟಿಯ ಡಬ್ಬಿಗೆ ಬರೆಸಿದ ಪುಣ್ಯಾತ್ಮ ಇವರೊಬ್ಬರೇ. ಹಾಸ್ಟೆಲಿನ ಹುಡುಗರು ನನ್ನ ಹೆಸರು ಮರೆತು ನನ್ನನ್ನೇ ಧರ್ಮಾರ್ಥ ಎಂದು ಕರೆದರು.

ರಜೆಗೆ ಬಂದರೆ ಅಂಗಡಿಯಲ್ಲಿ ಕೂಡಿಸಿ ಗಿರಾಕಿಗಳ ನಾಡಿ ಹಿಡಿಸುತ್ತಿದ್ದರು. "ನಾ ಸಾಕಿದ ಹುಡುಗ ರೀ ಇಂವ!" ಸಂತೆಯಲ್ಲಿ ಹೋರಿಯ ಹಲ್ಲು ತೋರಿಸುವವರ ಹುರುಪು ಅವರದು. ಮಂದಿಯೂ ಹೌದೌದು ಎಂದು ತಲೆಯಾಡಿಸುತ್ತಿದ್ದರು. ಆ ತಲೆಗಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಕೊನೆಯ ವರ್ಷದ ದೀಪಾವಳಿಗೆ ಹೇಳದೆ ಕೇಳದೆ ಊರಿಗೆ ಬಂದೆ. ಮನೆಗೆ ಬೀಗ. ನೆರೆಮನೆಯವಳು ಸಾಹುಕಾರರ ಹಿತ್ತಲ ಕಡೆ ಕೈ ಮಾಡಿದಳು. ಹೋಗಿ ನೋಡಿದರೆ ಅವರ ಅಡುಗೆಮನೆಯ ಒಲೆಯ ಮುಂದೆ ನನ್ನ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಅವರ ಮನೆಮಂದಿಯ ರೊಟ್ಟಿ, ಆಳುಗಳ ರೊಟ್ಟಿ, ಕಡೆಗೆ ನನ್ನವು. ಮಗ್ಗುಲಲ್ಲೇ ಕೆಂಪಕ್ಷರದ ಡಬ್ಬಿ. ನಾನು ಪುಣೆಗೆ ಹೋದಾಗಿನಿಂದ ಅವಳಿಗೆ ಇದೇ ದುಡಿಮೆ, ನಾನು ರಜೆಗೆ ಬಂದಾಗಷ್ಟೇ ಬಿಡುವು. ಬೇರೆಯವರ ಮನೆಯಲ್ಲಿ ಆ ಡಬ್ಬಿಗೆ ಪಗಾರ ಅನ್ನುತ್ತಿದ್ದರು. ಇವರು ಧರ್ಮ ಅಂದಿದ್ದರು.

ಈಗಲೇ ಅಂಗಡಿಗೆ ಹೋಗಿ ಕೇಳುತ್ತೇನೆ ಅಂದೆ.

"ಕೇಳಾಕ ಹೋದ್ರ ಡಬ್ಬಿ ನಿಂದರ್ತದ, ಡಬ್ಬಿ ನಿಂತ್ರ ನಿನ್ನ ಸಾಲಿ ನಿಂದರ್ತದ," ಅಂದಳು ಅವ್ವ, ಬಡಿಯುವ ಕೈ ನಿಲ್ಲಿಸದೆ. "ಬಾಯಿ ಮುಚ್ಕೊಂಡು ಪಾಸಾಗು."

ಬಾಯಿ ಮುಚ್ಚಿಕೊಂಡೇ ಪಾಸಾದೆ. ಜತ್ತದಲ್ಲಿ ದವಾಖಾನೆ ಹಾಕಿದೆ, ಅವ್ವ ಆ ಒಲೆ ಬಿಟ್ಟು ನನ್ನ ಜೊತೆ ಬಂದಳು. ಒಂದು ಸಂತೆಯ ದಿನ ಸಾಹುಕಾರರು ಹೊಟ್ಟೆನೋವೆಂದು ಬಂದರು. "ಸರೀರಿ, ನಾ ಸಾಕಿದ ಹುಡುಗ" ಎನ್ನುತ್ತ ಪಾಳಿ ದಾಟಿ ಒಳಗೆ ಕುಳಿತರು. ಪರೀಕ್ಷಿಸಿ ಔಷಧ ಕೊಟ್ಟೆ, ಚಲೋ ಔಷಧವನ್ನೇ ಕೊಟ್ಟೆ. ಮಂದಿಗೆ ಕಾಣುವಂತೆ ಅವರು ಕಿಸೆಗೆ ಕೈ ಹಾಕಿದರು.

ಆ ಕೈ ಹಿಡಿದು ತಡೆದೆ. ಹೊರಗಿನವರಿಗೂ ಕೇಳುವಂತೆ ಕಂಪೌಂಡರನಿಗೆ ಹೇಳಿದೆ: "ಸಾಹುಕಾರ್ರ ಕಡಿಂದ ರೊಕ್ಕ ತಗೋಬ್ಯಾಡ. ಬಾಟ್ಲಿ ಮ್ಯಾಲ ಧರ್ಮಾರ್ಥ ಅಂತ ಬರಿ. ಕೆಂಪು ಮಸೀಲೆ, ದಪ್ಪಾಗಿ."